ನಮ್ಮ ಮನೆಗಳಲ್ಲಿ ಆಡಲು ಮಾತಿರಬೇಕು

ಮುಂಬೈಯ ಕನ್ನಡ ಸಂಘವೊಂದರಲ್ಲಿ ತಂದೆತಾಯಂದಿರ ಎದುರು ಆಡಿದ ಮಾತುಗಳ ಬರಹ ರೂಪ. ಸಭಿಕರು ನಡುವೆ ಕೇಳಿದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಸಂಘದವರು ನನಗೆ ಮೊದಲು ಕೊಟ್ಟ ವಿಷಯ 'ತೃತೀಯ ಲಿಂಗಿಗಳ ಸಮಸ್ಯೆಗಳು'. ಸಮಸ್ಯೆಗಳಿಗೆ ಹೋಗುವ ಮುಂಚೆ ಅವನ್ನು ಯಾವ ಮಾತಿನಲ್ಲಿ ಆಡುತ್ತೇವೆ ಎನ್ನುವುದನ್ನೇ ಈ ಸಂಜೆ ನೋಡೋಣ ಎಂದು ಕೇಳಿಕೊಂಡೆ. ಅವರು ಒಪ್ಪಿದರು. ಹೀಗೆ ಕೇಳಲು ಕಾರಣವಿದೆ. ನಾನು ಆಪ್ತ ಸಮಾಲೋಚಕಿ. ನನ್ನ ಹತ್ತಿರ ಬರುವ ಕನ್ನಡ, ತುಳು ಮನೆಗಳ ಮಕ್ಕಳು ತಮ್ಮ ಬಗ್ಗೆ ಹೇಳಿಕೊಳ್ಳುವುದು ಇಂಗ್ಲಿಷಿನಲ್ಲಿ. ಬಹಳ ಚೆನ್ನಾಗಿ ಹೇಳುತ್ತಾರೆ. "ಇದನ್ನೇ ಅಮ್ಮನಿಗೆ ಹೇಗೆ ಹೇಳ್ತೀ?" ಎಂದು ಕೇಳಿದರೆ ಮಾತು ನಿಂತುಹೋಗುತ್ತದೆ. ಈ ವಿಷಯಕ್ಕೆ ಆ ಮಕ್ಕಳಿಗೆ ಗೊತ್ತಿರುವ ಕನ್ನಡ ಎರಡೇ ಬಗೆಯದು. ಒಂದು, ಶಾಲೆಯ ಗೇಟಿನ ಹೊರಗೆ ಕಿವಿಗೆ ಬಿದ್ದ ಬೈಗುಳ. ಇನ್ನೊಂದು, ಪತ್ರಿಕೆಯಲ್ಲಿ ಕಂಡ ಸರ್ಕಾರಿ ಪದ. ಬೈಗುಳದಿಂದ ಯಾರೂ ತಮ್ಮನ್ನು ಪರಿಚಯಿಸಿಕೊಳ್ಳುವುದಿಲ್ಲ. ಊಟಕ್ಕೆ ಕೂತಾಗ "ಅಮ್ಮಾ, ನಾನು ಲಿಂಗತ್ವ ಅಲ್ಪಸಂಖ್ಯಾತೆ" ಎಂದೂ ಯಾರೂ ಹೇಳುವುದಿಲ್ಲ. ನಡುವಿನ ಜಾಗ ಖಾಲಿ ಇದೆ. ಆ ಜಾಗವನ್ನು ತುಂಬಿಕೊಳ್ಳುವುದು ಹೇಗೆ ಎನ್ನುವುದಷ್ಟೇ ಇವತ್ತಿನ ನನ್ನ ಮಾತು.

ಬೈಗುಳಗಳ ಪಟ್ಟಿ ಕೊಡುವುದಿಲ್ಲ, ಅವು ನಿಮಗೆಲ್ಲ ಗೊತ್ತು. ಒಂದನ್ನು ಮಾತ್ರ ಹೇಳುತ್ತೇನೆ. 'ಒಂಬತ್ತು' ಅನ್ನುವುದು ಬರೀ ಒಂದು ಸಂಖ್ಯೆ ತಾನೇ ಎಂದು ನಗುತ್ತ ಆಡುವವರಿದ್ದಾರೆ. ಅದನ್ನು ದಿನವೂ ಕೇಳಿಸಿಕೊಂಡು, ತಾನು ಒಂಬತ್ತನೇ ಕ್ಲಾಸು ಎಂದು ನೆಂಟರಿಗೆ ಹೇಳಲೂ ಹಿಂಜರಿಯುತ್ತಿದ್ದ ಒಬ್ಬ ಹುಡುಗನನ್ನು ನಾನು ನೋಡಿದ್ದೇನೆ.

ಮಳೆಗಾಲದಲ್ಲಿ ಊರಿನಿಂದ ಬರುವ ಯಕ್ಷಗಾನ ಮೇಳಗಳ ಆಟವನ್ನು ತಪ್ಪಿಸಿಕೊಳ್ಳದವರು ಇಲ್ಲಿ ತುಂಬ ಜನ ಇದ್ದೀರಿ. ಹಾಗಾಗಿ ವಿರಾಟಪರ್ವದಿಂದಲೇ ಶುರು ಮಾಡುತ್ತೇನೆ. ಕೀಚಕವಧೆಯ ರಾತ್ರಿ ಭೀಮ ಸೀರೆ ಉಡುತ್ತಾನೆ. ಅದು ಒಂದು ರಾತ್ರಿಯ ಉಪಾಯ, ಕೀಚಕ ಸತ್ತ ಮೇಲೆ ಆ ಸೀರೆ ಭೀಮನಿಗೆ ಬೇಕಿಲ್ಲ. ಅದೇ ಅರಮನೆಯಲ್ಲಿ ಅರ್ಜುನ ಬೃಹನ್ನಳೆಯಾಗಿ ವರ್ಷವಿಡೀ ಉತ್ತರೆಗೆ ನಾಟ್ಯ ಕಲಿಸುತ್ತಾನೆ. ಅವನದು ಬರೀ ಬಟ್ಟೆಯ ಬದಲಾವಣೆಯಲ್ಲ, ಊರ್ವಶಿಯ ಶಾಪ ಅವನ ಗಂಡುತನವನ್ನೇ ಒಂದು ವರ್ಷ ತೆಗೆದಿಟ್ಟಿದೆ. ಅವಧಿ ಮುಗಿದಾಗ ಅವನು ಗಾಂಡೀವಕ್ಕೆ ಮರಳುತ್ತಾನೆ. ಅದೇ ಮಹಾಭಾರತದ ಶಿಖಂಡಿಯ ಕಥೆ ಬೇರೆ. ದ್ರುಪದನಿಗೆ ಮಗಳಾಗಿ ಹುಟ್ಟಿ, ಮಗನೆಂದು ಬೆಳೆದು, ಯಕ್ಷನೊಬ್ಬನಿಂದ ಗಂಡುತನವನ್ನು ಪಡೆದು, ಕುರುಕ್ಷೇತ್ರದಲ್ಲಿ ಬಿಲ್ಲು ಹಿಡಿದು ನಿಂತವನು. ಅವನಿಗೆ ಮರಳಿ ಹೋಗಬೇಕಾದ ಇನ್ನೊಂದು ರೂಪ ಇಲ್ಲ. ಈ ಮೂವರ ಜೊತೆ ರಂಗದ ಮೇಲೆ ನಾಲ್ಕನೆಯವರೂ ಇದ್ದಾರೆ: ಸೈರಂಧ್ರಿಯ ವೇಷ ಕಟ್ಟಿದ ಗಂಡು ಕಲಾವಿದರು. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷವನ್ನು ನೋಡಿದವರು ಅದರ ಲಾಲಿತ್ಯವನ್ನು ಇಂದಿಗೂ ನೆನೆಯುತ್ತಾರೆ. ಚೌಕಿಯಲ್ಲಿ ಬಣ್ಣ ತೆಗೆದ ಮೇಲೆ ಅಂಥ ಕಲಾವಿದರಿಗೆ ತಾವು ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ.

ಉಪಾಯಕ್ಕೆ ಉಟ್ಟವನು, ಒಂದು ಕಾಲಾವಧಿಗೆ ಬೇರೆಯಾಗಿ ಬಾಳಿದವನು, ಇರುವುದೇ ಹಾಗೆ ಇರುವವನು, ಕಲೆಗಾಗಿ ಕಟ್ಟಿದವರು. ನಮ್ಮ ಅಜ್ಜಿಯರು ಈ ನಾಲ್ವರನ್ನೂ ಬೇರೆ ಬೇರೆಯಾಗಿಯೇ ಕಂಡಿದ್ದರು. ಬೀದಿಗೆ ಬಂದಾಗ ಮಾತ್ರ ನಾವು ನಾಲ್ವರನ್ನೂ ಒಂದೇ ಬೈಗುಳಕ್ಕೆ ತುರುಕುತ್ತೇವೆ. ಭೀಷ್ಮನ ಎದುರು ನಿಂತ ಯೋಧನ ಹೆಸರನ್ನೇ ಬೈಗುಳ ಮಾಡಿಕೊಂಡಿದ್ದೇವೆ. ಪುರಾಣದ ಪಾತ್ರ ಇವತ್ತಿನ ಯಾವ ಮನುಷ್ಯರ ಪಡಿಯಚ್ಚೂ ಅಲ್ಲ, ಅದು ನನಗೆ ಗೊತ್ತು. ಬಟ್ಟೆ ಬೇರೆ, ದೇಹ ಬೇರೆ, ತಾನು ಯಾರೆಂಬ ಒಳಗಿನ ತಿಳಿವಳಿಕೆ ಬೇರೆ ಎಂದು ತೋರಿಸಲು ಇಷ್ಟು ಸಾಕು.

ಈ ಮುಂಬೈಗೂ ಗಂಡಸರ ಸ್ತ್ರೀವೇಷ ಹೊಸದಲ್ಲ. ಮರಾಠಿ ರಂಗಭೂಮಿಯ ಬಾಲಗಂಧರ್ವರು, ಅಂದರೆ ನಾರಾಯಣ ಶ್ರೀಪಾದ ರಾಜಹಂಸ, 1888ರಲ್ಲಿ ಹುಟ್ಟಿದವರು. ಅವರು ರಂಗದ ಮೇಲೆ ಸೀರೆ ಉಡುತ್ತಿದ್ದ ರೀತಿಯನ್ನು, ಹೂ ಮುಡಿಯುತ್ತಿದ್ದ ರೀತಿಯನ್ನು ಮನೆವಂತ ಹೆಂಗಸರು ನೋಡಿ ಅನುಸರಿಸಿದರು. ಇದೇ ಊರಿನ ಗುಜರಾತಿ ರಂಗಭೂಮಿಯಲ್ಲಿ ಜಯಶಂಕರ ಭೋಜಕರು ಸ್ತ್ರೀಪಾತ್ರ ಮಾಡಿ 'ಸುಂದರಿ' ಎಂಬ ಹೆಸರನ್ನೇ ಪಡೆದರು. ಇಬ್ಬರಿಗೂ ಪದ್ಮಭೂಷಣ ಬಂತು. ಅಂಥವರನ್ನು ಇಷ್ಟು ಗೌರವಿಸಿದ ಊರಿನಲ್ಲೇ ಮಗನ ಕಪಾಟಿನಲ್ಲಿ ಒಂದು ಚೂಡಿದಾರ್ ಸಿಕ್ಕಿತೆಂದು ಮನೆಯಲ್ಲಿ ಮೂರು ದಿನ ಒಲೆ ಹಚ್ಚದ ಸಂಸಾರಗಳಿವೆ.

ಹಾಗಾದರೆ ಆ ಚೂಡಿದಾರ್ ಏನು ಹೇಳುತ್ತದೆ? ಚೂಡಿದಾರ್ ಒಂದೇ ಏನನ್ನೂ ಹೇಳುವುದಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1910ರಲ್ಲಿ ಬರ್ಲಿನ್ನಿನ ವೈದ್ಯ ಮಾಗ್ನಸ್ ಹಿರ್ಷ್‌ಫೆಲ್ಡ್ 'ಟ್ರಾನ್ಸ್‌ವೆಸ್ಟೈಟ್' ಎಂಬ ಪದವನ್ನು ಚಲಾವಣೆಗೆ ತಂದ. ಅವನು ಈ ಜನರನ್ನು ಪ್ರೀತಿಯಿಂದಲೇ ನೋಡಿದ ವೈದ್ಯ. ಆದರೆ ಆ ಪದದ ಬುಡದಲ್ಲಿರುವುದು ಬಟ್ಟೆ. ಆಗಾಗ ಹೆಣ್ಣುಡುಗೆ ತೊಟ್ಟು ಸಂತೋಷಪಡುವ ಗಂಡಸು, ತಾನು ಹೆಣ್ಣೇ ಎಂದು ಬಾಳುವವಳು, ಇಬ್ಬರೂ ಅದರಡಿ ಸೇರಿಹೋದರು. ಮುಂದೆ ಆ ಪದಕ್ಕೆ ಆಸ್ಪತ್ರೆಯ ವಾಸನೆ ಹತ್ತಿತು, ರೋಗಗಳ ಪಟ್ಟಿಯಲ್ಲಿ ಕೂತಿತು. ಅದು ಬೇಡವಾದವರು 'ಕ್ರಾಸ್‌ಡ್ರೆಸ್ಸರ್' ಎಂಬ ಪದವನ್ನು ಹಿಡಿದರು. ಇಲ್ಲಿನ ಹುಡುಗರು ಚಿಕ್ಕದಾಗಿ 'ಸಿಡಿ' ಅನ್ನುತ್ತಾರೆ. ಅರ್ಥ ಸರಳ: ಸಮಾಜ ಇನ್ನೊಂದು ಲಿಂಗದವರದು ಎಂದು ಎಣಿಸುವ ಉಡುಗೆಯನ್ನು ಆಗಾಗ ತೊಡುವವರು. ಅವರಲ್ಲಿ ಹೆಚ್ಚಿನವರಿಗೆ ತಾವು ಗಂಡಸರು ಎನ್ನುವುದರಲ್ಲಿ ಯಾವ ಗೊಂದಲವೂ ಇಲ್ಲ. ಮದುವೆಯಾದವರಿದ್ದಾರೆ, ಮಕ್ಕಳಿರುವವರಿದ್ದಾರೆ.

ಅಮೆರಿಕದಲ್ಲಿ 1960ರ ದಶಕದಲ್ಲಿ ವರ್ಜೀನಿಯಾ ಪ್ರಿನ್ಸ್ ಇಂಥವರಿಗಾಗಿ ಪತ್ರಿಕೆ ನಡೆಸಿದರು, ಸಂಘ ಕಟ್ಟಿದರು. ಒಂಟಿಯಾಗಿ ನರಳುತ್ತಿದ್ದ ಎಷ್ಟೋ ಜನರಿಗೆ ಅದು ಉಸಿರಾಡುವ ಜಾಗವಾಯಿತು. ಅದೇ ಸಂಘ ಸಲಿಂಗಪ್ರೇಮಿಗಳನ್ನೂ ಶಸ್ತ್ರಚಿಕಿತ್ಸೆ ಬಯಸುವವರನ್ನೂ ಹೊರಗಿಟ್ಟಿತು. ನಮ್ಮವರು ಮಾತ್ರ ಮರ್ಯಾದಸ್ಥರು, ಅವರು ಬೇರೆ ಎಂಬ ಗೆರೆ ಎಳೆಯಿತು. ಆ ಗೆರೆಯನ್ನು ಇಲ್ಲೂ ಕಾಣುತ್ತೇನೆ. "ನಮ್ಮ ಹುಡುಗ ಬರೀ ಕ್ರಾಸ್‌ಡ್ರೆಸ್ಸರ್ ಮೇಡಂ, ಹಿಜ್ರಾ ಅಲ್ಲ" ಎಂದು ನಿಟ್ಟುಸಿರು ಬಿಡುವ ತಂದೆಗೆ ನಾನು ಹೇಳುವುದು ಇಷ್ಟೇ: ವ್ಯತ್ಯಾಸ ತಿಳಿದಿರಲಿ, ಆದರೆ ಇನ್ನೊಬ್ಬರ ತಲೆಯ ಮೇಲೆ ಕಾಲಿಟ್ಟು ನಿಮ್ಮ ಮಗನನ್ನು ಎತ್ತರ ಮಾಡಬೇಡಿ.

ಕ್ರಾಸ್‌ಡ್ರೆಸ್ಸರ್‌ಗಳ ನಡುವೆ 'ಪರ್ಜ್' ಎಂಬ ಮಾತಿದೆ. ಕೂಡಿಟ್ಟ ಬಟ್ಟೆ, ವಿಗ್, ಬಳೆ, ಲಿಪ್‌ಸ್ಟಿಕ್ ಎಲ್ಲವನ್ನೂ ಒಂದು ದಿನ ನಾಚಿಕೆಯಿಂದ ಕಟ್ಟಿ ಎಸೆದುಬಿಡುವುದು, ಇನ್ನು ಮುಂದೆ ಇಲ್ಲ ಎಂದು ಆಣೆ ಹಾಕಿಕೊಳ್ಳುವುದು, ಕೆಲವು ತಿಂಗಳಾದ ಮೇಲೆ ಮತ್ತೆ ಒಂದೊಂದಾಗಿ ಕೊಳ್ಳುವುದು. ಒನ್ ರೂಮ್ ಕಿಚನ್ ಮನೆಯಲ್ಲಿ ಅಪ್ಪ, ಅಮ್ಮ, ಹೆಂಡತಿ, ಮಕ್ಕಳ ಜೊತೆ ಇರುವವನಿಗೆ ತನ್ನದೆಂಬ ಒಂದು ಮೂಲೆಯೂ ಇರುವುದಿಲ್ಲ. ಅಟ್ಟದ ಮೇಲಿನ ಬೀಗ ಹಾಕಿದ ಸೂಟ್‌ಕೇಸೇ ಅವನ ಕೋಣೆ. ಅಂಥವರೊಬ್ಬರ ಹೆಂಡತಿ ಆ ಸೂಟ್‌ಕೇಸನ್ನು ತೆರೆದ ಮೇಲೆ ನನ್ನ ಹತ್ತಿರ ಬಂದರು. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತಿದ್ದೇನೆ. ಅವರು ಕೇಳಿದ ಮೊದಲ ಪ್ರಶ್ನೆ, "ಇವರಿಗೆ ಗಂಡಸರು ಬೇಕಾ?" ಎರಡನೆಯದು, "ಇವರು ಆಪರೇಷನ್ ಮಾಡಿಸಿಕೊಳ್ತಾರಾ?" ಎರಡಕ್ಕೂ ಉತ್ತರ ಸೂಟ್‌ಕೇಸಿನಲ್ಲಿ ಇರಲಿಲ್ಲ, ಗಂಡನ ಬಾಯಲ್ಲಿ ಇತ್ತು. ಯಾರ ಮೇಲೆ ಪ್ರೀತಿ ಹುಟ್ಟುತ್ತದೆ ಎನ್ನುವುದು ಲೈಂಗಿಕತೆಯ ಮಾತು. ನಾನು ಹೆಣ್ಣೋ, ಗಂಡೋ, ಎರಡೂ ಅಲ್ಲವೋ ಎನ್ನುವುದು ಲಿಂಗತ್ವದ ಮಾತು. ಏನು ಉಡುತ್ತೇನೆ ಎನ್ನುವುದು ಮೂರನೆಯದು. ಒಂದು ಗೊತ್ತಾದರೆ ಇನ್ನೆರಡು ಗೊತ್ತಾದಂತೆ ಅಲ್ಲ. ಆ ದಂಪತಿ ಇಂದಿಗೂ ಜೊತೆಗಿದ್ದಾರೆ. ಎಲ್ಲ ಕಡೆ ಹಾಗೆ ಆಗುತ್ತದೆ ಎಂದು ಮಾತ್ರ ಹೇಳಲಾರೆ.

ಇದು ಕಾಯಿಲೆಯಲ್ಲವೇ ಎಂದು ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ರೋಗಪಟ್ಟಿಯಲ್ಲಿ ಇತ್ತು, ನಿಜ. 2019ರಲ್ಲಿ ಒಪ್ಪಿಗೆ ಪಡೆದು 2022ರ ಜನವರಿಯಿಂದ ಜಾರಿಗೆ ಬಂದ 11ನೇ ಆವೃತ್ತಿಯಲ್ಲಿ ಇನ್ನೊಂದು ಲಿಂಗದ ಬಟ್ಟೆ ತೊಡುವುದನ್ನು ಪಟ್ಟಿಯಿಂದಲೇ ತೆಗೆದರು. ಟ್ರಾನ್ಸ್‌ಜೆಂಡರ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರತಂದರು. ಲೈಂಗಿಕ ಆರೋಗ್ಯದ ಅಧ್ಯಾಯದಲ್ಲಿ ಒಂದು ಹೆಸರನ್ನು ಉಳಿಸಿದ್ದು ಹಾರ್ಮೋನ್, ಶಸ್ತ್ರಚಿಕಿತ್ಸೆ ಬೇಕಾದವರಿಗೆ ಆಸ್ಪತ್ರೆಯ ಬಾಗಿಲು ಮುಚ್ಚದಿರಲಿ ಎಂದು. 'ಡಿಸ್ಫೋರಿಯಾ' ಎಂಬ ಪದವನ್ನು ನಿಮ್ಮ ಮಕ್ಕಳು ಬಳಸಬಹುದು. ದೇಹ ಒಂದು ಹೇಳುತ್ತದೆ, ಒಳಗು ಇನ್ನೊಂದು ಹೇಳುತ್ತದೆ ಎಂಬ ಸಂಕಟದ ಹೆಸರು ಅದು. ಹೆಸರು ಆ ಸಂಕಟದ್ದು, ಮನುಷ್ಯನದ್ದಲ್ಲ.

ಈಗ 'ಟ್ರಾನ್ಸ್‌ಜೆಂಡರ್'. ಹುಟ್ಟಿದಾಗ ಆಸ್ಪತ್ರೆಯವರು ಬರೆದ ಲಿಂಗವೂ ತಾನು ಅರಿತ ಲಿಂಗವೂ ಒಂದೇ ಅಲ್ಲದವರು. ಗಂಡು ಎಂದು ಬರೆಸಿಕೊಂಡು ಹೆಣ್ಣೆಂದು ಬಾಳುವವರು ಟ್ರಾನ್ಸ್ ಮಹಿಳೆ, ಹೆಣ್ಣು ಎಂದು ಬರೆಸಿಕೊಂಡು ಗಂಡೆಂದು ಬಾಳುವವರು ಟ್ರಾನ್ಸ್ ಪುರುಷ. ಎರಡರಲ್ಲೂ ನಿಲ್ಲದವರು ನಾನ್‌ಬೈನರಿ ಎನ್ನುತ್ತಾರೆ. ಬರೆದದ್ದೂ ಅರಿತದ್ದೂ ಒಂದೇ ಆಗಿರುವ ನನ್ನಂಥವರು 'ಸಿಸ್'. ಈ ಪದ ಹೇಳಿದಾಗಲೆಲ್ಲ ಸಭೆಯಲ್ಲಿ ಯಾರಾದರೂ "ನಮಗ್ಯಾಕೆ ಹೆಸರು?" ಎಂದು ಸಿಡುಕುತ್ತಾರೆ. ಅವರಿಗಷ್ಟೇ ಹೆಸರಿಟ್ಟು ನಮ್ಮನ್ನು 'ಮಾಮೂಲಿ ಜನ' ಎಂದು ಕರೆದುಕೊಂಡರೆ ಅವರು ಮಾಮೂಲಿ ಅಲ್ಲ ಎಂದಾಯಿತಲ್ಲ. ಇಂಟರ್‌ಸೆಕ್ಸ್ ಮಕ್ಕಳ ವಿಷಯ ಬೇರೆಯೇ. ಅದು ಹುಟ್ಟಿನಿಂದ ಬಂದ ದೇಹರಚನೆಯ ವೈವಿಧ್ಯ. ಅಂಥ ಕೂಸುಗಳ ಮೇಲೆ ಅನಗತ್ಯ ಶಸ್ತ್ರಚಿಕಿತ್ಸೆ ಮಾಡಬಾರದು ಎಂದು ಮದ್ರಾಸ್ ಹೈಕೋರ್ಟ್ 2019ರಲ್ಲಿ ಹೇಳಿದೆ.

ಕನ್ನಡದಲ್ಲಿ ಇವರನ್ನು ಏನೆನ್ನಬೇಕು? ಕರ್ನಾಟಕ ಸರ್ಕಾರದ ಕಾಗದಗಳಲ್ಲಿ 'ಲಿಂಗತ್ವ ಅಲ್ಪಸಂಖ್ಯಾತರು'. ಪತ್ರಿಕೆಗಳಲ್ಲಿ 'ತೃತೀಯ ಲಿಂಗಿ', 'ಮಂಗಳಮುಖಿ'. ಇಲ್ಲಿ ಮರಾಠಿಯಲ್ಲಿ 'ತೃತೀಯಪಂಥಿ', ಇತ್ತೀಚೆಗೆ 'ಪಾರಲಿಂಗಿ'. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಮೊಕದ್ದಮೆಯ ತೀರ್ಪಿನಲ್ಲಿ ಮೂರನೆಯ ಲಿಂಗ ಎಂಬ ಗುರುತಿಗೆ ಮಾನ್ಯತೆ ಕೊಟ್ಟಿತು. ತಾನು ಗಂಡೋ, ಹೆಣ್ಣೋ, ಮೂರನೆಯದೋ ಎಂದು ಹೇಳುವ ಹಕ್ಕು ಆ ವ್ಯಕ್ತಿಯದೇ, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ ಎಂದಿತು. ಹಾಗಾಗಿ 'ತೃತೀಯ' ಎಂಬುದನ್ನು ಹೆಮ್ಮೆಯಿಂದ ಇಟ್ಟುಕೊಂಡವರಿದ್ದಾರೆ. "ನಾನು ಹೆಣ್ಣು, ನನ್ನನ್ನು ಮೂರನೆಯ ಸಾಲಿನಲ್ಲಿ ಯಾಕೆ ಕೂರಿಸ್ತೀರಿ?" ಎಂದು ಕೇಳುವವರೂ ಇದ್ದಾರೆ. 'ಮಂಗಳಮುಖಿ' ಕಿವಿಗೆ ಇಂಪಾಗಿದೆ. ಆದರೆ ಆಫೀಸಿನಲ್ಲಿ ಲೆಕ್ಕಪತ್ರ ನೋಡುವ ಟ್ರಾನ್ಸ್ ಮಹಿಳೆಯೊಬ್ಬರು ನನಗೆ ಹೇಳಿದ್ದು, ಆ ಪದ ಕೇಳಿದರೆ ಯಾರೋ ತನ್ನಿಂದ ಆಶೀರ್ವಾದ ಕೇಳಲು ಬಂದಂತೆ ಆಗುತ್ತದೆ ಎಂದು. ಟ್ರಾನ್ಸ್ ಪುರುಷರಿಗಂತೂ ಅದು ಹೊಂದುವುದೇ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮನೆಮಾತಿಗೆ 'ಟ್ರಾನ್ಸ್' ಎಂಬ ಚಿಕ್ಕ ಪದವೇ ಒಳ್ಳೆಯದು. ಬಸ್ಸು, ಟೇಬಲ್ಲುಗಳನ್ನು ನಮ್ಮದು ಮಾಡಿಕೊಂಡ ಭಾಷೆಗೆ ಇದು ಭಾರವಲ್ಲ.

ಬರಹದಲ್ಲಿ ಕೂತ ಪದ ಏನು ಮಾಡಬಲ್ಲದು ಎನ್ನುವುದಕ್ಕೆ ಒಂದು ಉದಾಹರಣೆ ಕೊಡಲೇಬೇಕು. ಬ್ರಿಟಿಷರ ಕಾಲದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೇ ಭಾಗ 'ಯೂನಕ್', ಅಂದರೆ ನಪುಂಸಕ, ಎಂಬ ಪದದಡಿ ಹಿಜ್ರಾಗಳ ಹೆಸರುಪಟ್ಟಿ ಇಡಲು ಹೇಳಿತು. ಪಟ್ಟಿಯಲ್ಲಿದ್ದವರು ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಂಡರೆ ವಾರಂಟ್ ಇಲ್ಲದೆ ಹಿಡಿಯಬಹುದಿತ್ತು, 2 ವರ್ಷದವರೆಗೆ ಸೆರೆಗೆ ಕಳಿಸಬಹುದಿತ್ತು. ಸೀರೆಯೇ ಅಪರಾಧವಾಗಿತ್ತು. ಮುಂದೆ ಆ ಕಾಯ್ದೆ ಹೋಯಿತು. ಆದರೆ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ಕಲಮಿನಲ್ಲಿ ಅದೇ ಪದ, ಅದೇ ಪಟ್ಟಿಯ ಯೋಚನೆ ಮತ್ತೆ ತಲೆ ಎತ್ತಿತು. ಸಮುದಾಯದವರು ಹೋರಾಡಬೇಕಾಯಿತು. ಹಿಂದಿನವರು ಆಡಿದ ಪದ, ಈಗ ಅದರಿಂದೇನು ಎಂದು ಯಾರಾದರೂ ಅಂದಾಗ ನನಗೆ ಈ ನೂರನಲವತ್ತು ವರ್ಷ ಕಣ್ಣೆದುರು ಬರುತ್ತದೆ.

ಇನ್ನು ನೀವು ದಿನವೂ ಲೋಕಲ್ ಟ್ರೇನಿನಲ್ಲಿ ನೋಡುವವರು. ಹಿಜ್ರಾ ಎನ್ನುವುದು ಬರೀ ದೇಹದ ಹೆಸರಲ್ಲ, ಒಂದು ಸಮಾಜಕ್ಕೆ ಸೇರಿದವರ ಹೆಸರು. ಟ್ರಾನ್ಸ್ ಮಹಿಳೆಯರೆಲ್ಲ ಹಿಜ್ರಾ ಅಲ್ಲ. ಗುರುವಿನ ಹತ್ತಿರ ಚೇಲಾ, ಅಂದರೆ ಶಿಷ್ಯೆ ಆಗಿ, ಒಂದು ಘರಾನಾಕ್ಕೆ ಸೇರಿ, ಅಲ್ಲಿನ ರೀತಿರಿವಾಜಿಗೆ ಒಪ್ಪಿದಾಗ ಹಿಜ್ರಾ ಆಗುತ್ತಾರೆ. ಒಬ್ಬಳೇ ಗುರುವಿನ ಚೇಲಾಗಳು ಪರಸ್ಪರ ಗುರುಭಾಯಿ. ಸೀರೆ ಉಟ್ಟ ಇಬ್ಬರು ಒಬ್ಬರನ್ನೊಬ್ಬರು 'ಭಾಯಿ' ಎಂಬ ಸಂಬಂಧದಲ್ಲಿ ಕರೆಯುವುದು ಕೇಳಿ ಗಲಿಬಿಲಿಯಾಗಬೇಡಿ. ಗುರುವಿನ ಗುರು ಅವರಿಗೆ ಅಜ್ಜಿಯ ಸಮಾನ. ಮನೆಯಿಂದ ಹೊರಬಿದ್ದವರು ಕಟ್ಟಿಕೊಂಡ ಮನೆತನ ಅದು. ಮದುವೆ, ಹುಟ್ಟಿನ ಮನೆಗೆ ಹೋಗಿ ಹರಸಿ ಪಡೆಯುವುದು ಬಧಾಯಿ. ಅಂಗಡಿ, ಟ್ರೇನುಗಳಲ್ಲಿ ಕೇಳಿ ಪಡೆಯುವುದು ಬೇರೆ, ಅದಕ್ಕೆ ಮಂಗ್ತಿ ಎನ್ನುತ್ತಾರೆ. 'ನಿರ್ವಾಣ' ಎಂದರೆ ಅವರಲ್ಲಿ ಅಂಗ ತೆಗೆಸಿಕೊಳ್ಳುವುದು. ಆಮೇಲೆ 40 ದಿನ ಆರೈಕೆ, ಬಹುಚರಾ ಮಾತೆಯ ಪೂಜೆ. ಇದನ್ನು ಯಾರ ಹತ್ತಿರವೂ ಕುತೂಹಲಕ್ಕೆ ಕೇಳಬೇಡಿ. ನಿಮ್ಮ ಮೈಯೊಳಗಿನ ಆಪರೇಷನ್ನಿನ ಬಗ್ಗೆ ರೈಲಿನಲ್ಲಿ ಯಾರೂ ನಿಮ್ಮನ್ನು ಕೇಳುವುದಿಲ್ಲ.

'ಕೋತಿ' ಎಂಬ ಪದವೂ ಈ ಊರಿನಲ್ಲಿ ಕೇಳಿಸುತ್ತದೆ. ನಮ್ಮ ಕನ್ನಡದ ಮಂಗಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಣ್ಣಿನ ನಡೆನುಡಿ ಇರುವ, ಗಂಡಸರತ್ತ ಆಕರ್ಷಣೆ ಇರುವವರು ತಮ್ಮೊಳಗೆ ಬಳಸುವ ಮಾತು. ಎಚ್‌ಐವಿ ತಡೆ ಕಾರ್ಯಕ್ರಮಗಳು ಬಂದಾಗ ಇಂಥವರೆಲ್ಲ ಕಡತದಲ್ಲಿ 'ಎಂಎಸ್‌ಎಂ' ಎಂಬ ಮೂರು ಅಕ್ಷರವಾದರು. ಅದು ಗಂಡಸರೊಂದಿಗೆ ದೇಹಸಂಬಂಧ ಇರುವ ಗಂಡಸರು ಎಂಬ ನಡವಳಿಕೆಯ ಲೆಕ್ಕ, ಯಾರ ಗುರುತೂ ಅಲ್ಲ. ಅದರಿಂದ ಔಷಧ ತಲುಪಿತು, ಜೀವ ಉಳಿಯಿತು. ಆದರೆ ಹೆಣ್ಣೆಂದು ಬಾಳುವವರು ವರ್ಷಗಟ್ಟಲೆ ಕಾಗದದ ಮೇಲೆ ಗಂಡಸರಾಗಿಯೇ ಉಳಿದರು.

ನಮ್ಮ ಜೋಗಪ್ಪ, ಜೋಗತಿಯರನ್ನು ಈ ಸಾಲಿಗೆ ಸುಮ್ಮನೆ ಸೇರಿಸಬಾರದು. ಸವದತ್ತಿ ಯಲ್ಲಮ್ಮ ಹಿಡಿದಳು ಎನ್ನುತ್ತಾರೆ. ಮುತ್ತು ಕಟ್ಟಿಸಿಕೊಂಡು, ಕೊಡ ಹೊತ್ತು, ಚೌಡಕಿ ನುಡಿಸಿ ಹಾಡುವ ಪರಂಪರೆ ಅದು. ನಿರ್ವಾಣದ ಕಟ್ಟಳೆ ಅಲ್ಲಿಲ್ಲ. ಕೊಲ್ಹಾಪುರ, ಸಾಂಗ್ಲಿ ಕಡೆಯಿಂದ ಯಲ್ಲಮ್ಮನಿಗೆ ನಡೆದುಕೊಳ್ಳುವ ಮರಾಠಿ ಮನೆಗಳಲ್ಲೂ ಜೋಗತಾ ಎಂದೇ ಹೆಸರು. 2019ರಲ್ಲಿ ಸಂಸತ್ತು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ ಕಾಯ್ದೆ ಮಾಡಿದಾಗ ಅದರ ವ್ಯಾಖ್ಯೆಯಲ್ಲಿ ಕಿನ್ನರ, ಹಿಜ್ರಾ, ಅರವಾಣಿಗಳ ಜೊತೆ ಜೋಗತಾ ಕೂಡ ಇತ್ತು. ನಮ್ಮ ಗಡಿಯ ಎರಡೂ ಬದಿಯ ಪದವೊಂದು ದೆಹಲಿಯ ಕಾಯ್ದೆಗೆ ಹೋಯಿತು. ಅದೇ 2019ರಲ್ಲಿ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ಅವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ನಿವಾಳಿಸಿದ್ದನ್ನು ನೀವೆಲ್ಲ ನೋಡಿದ್ದೀರಿ. ಅವರನ್ನು ಏನೆಂದು ಕರೆಯಬೇಕು ಎಂದು ಆ ದಿನ ಯಾರೂ ತಡವರಿಸಲಿಲ್ಲ. ಮಂಜಮ್ಮ ಎಂದರು.

ಟ್ರಾನ್ಸ್ ಪುರುಷರಿಗೆ ಇಂಥ ಯಾವ ಮನೆಯೂ ಇಲ್ಲ. ಗುರು ಇಲ್ಲ, ಘರಾನಾ ಇಲ್ಲ, ಜಾತ್ರೆ ಇಲ್ಲ. ಹುಡುಗಿ ಪ್ಯಾಂಟು ಹಾಕಿದರೆ ಮುಂಬೈಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಆದ್ದರಿಂದ ಅವರ ಸಂಕಟವೂ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳುವುದು ಗಂಡು ನೋಡುವ ಮಾತು ಎದ್ದಾಗ. ಆಗ ತಡವಾಗಿರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ. ಇದಕ್ಕಾಗಿಯೇ ಇಷ್ಟು ದೂರ ಕರೆತಂದೆ.

ಮರಾಠಿಯಲ್ಲಿ ಮಾತಾಡುವ ಹುಡುಗ 'ಮೀ ಜಾತೋ' ಅನ್ನಬೇಕು, ಹುಡುಗಿ 'ಮೀ ಜಾತೇ' ಅನ್ನಬೇಕು. ಹಿಂದಿಯಲ್ಲೂ ಹಾಗೇ, 'ಜಾತಾ ಹೂಂ', 'ಜಾತೀ ಹೂಂ'. ನಾನು ಎಂದು ಬಾಯಿ ತೆರೆದ ಕೂಡಲೇ ತಾನು ಗಂಡೋ ಹೆಣ್ಣೋ ಎಂದು ಹೇಳಲೇಬೇಕು. ಕನ್ನಡದಲ್ಲಿ? ನಾನು ಹೋಗ್ತೇನೆ. ತುಳುವಿನಲ್ಲಿ, ಯಾನ್ ಪೋಪೆ. ಗಂಡೂ ಹೀಗೆಯೇ, ಹೆಣ್ಣೂ ಹೀಗೆಯೇ. ನನಗೆ ಪರಿಚಯದ ಒಬ್ಬಳು, ಆಗ ಮನೆಯವರಿಗೆ ಅವಳು ಮಗ, ಕಾಲೇಜಿನ ಗೆಳತಿಯರ ನಡುವೆ 'ಜಾತೇ' ಎನ್ನಲು ಶುರುಮಾಡಿದಳು. ಸಂಜೆ ಮನೆಗೆ ಬಂದು ಕನ್ನಡ ಆಡುವಾಗ ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ. "ಮನೆಯಲ್ಲಿ ನನಗೆ ಸ್ವಲ್ಪ ಸಮಾಧಾನ ಇದ್ದದ್ದು ನಮ್ಮ ಭಾಷೆಯಿಂದ" ಎಂದಳು. ಇದನ್ನು ಕೇಳಿದಾಗ ನನ್ನ ಕಣ್ಣು ತುಂಬಿತು.

ಕಷ್ಟ ಬರುವುದು ಅವಳ ಬಗ್ಗೆ ಬೇರೆಯವರು ಮಾತಾಡುವಾಗ. ಬಂದನೋ, ಬಂದಳೋ? ಹೊರಗಿನವರಿಗೆ ಸುಲಭ, 'ಬಂದರು' ಎಂದರೆ ಆಯಿತು, ಗೌರವವೂ ಆಯಿತು. ಗೊತ್ತಿಲ್ಲದವರ ಬಗ್ಗೆ 'ಅವರು' ಎನ್ನಿ, ಯಾವತ್ತೂ ಕೆಡುವುದಿಲ್ಲ. ಹೆತ್ತ ತಾಯಿಗೆ ಅದು ಆಗುವುದಿಲ್ಲ. ತನ್ನ ಕೂಸನ್ನು 'ಅವರು' ಎಂದರೆ ಮುನಿಸಿಕೊಂಡ ಹಾಗೆ ಕೇಳುತ್ತದೆ. 'ಅದು' ಎನ್ನುವುದೂ ಸುಲಭದ ಮಾತಲ್ಲ. ಹವ್ಯಕರ ಮನೆಗಳಲ್ಲಿ 'ಅಕ್ಕ ಬಂತು' ಎನ್ನುವುದು ಸಹಜ, ಅದರಲ್ಲಿ ಅಗೌರವವಿಲ್ಲ. ಅದೇ 'ಅದು ಬಂತು ನೋಡು' ಎಂದು ಪ್ಲಾಟ್‌ಫಾರ್ಮಿನಲ್ಲಿ ಬೆರಳು ತೋರಿಸಿ ಹೇಳಿದರೆ ಮನುಷ್ಯಳನ್ನು ವಸ್ತು ಮಾಡಿದಂತೆ.

ಆದರೆ ತಾಯಂದಿರೇ, ನೀವು ಮಕ್ಕಳನ್ನು ಹೇಗೆ ಕರೆಯುತ್ತೀರಿ ಎಂದು ಒಮ್ಮೆ ಕೇಳಿಸಿಕೊಳ್ಳಿ. ಮಗಳಿಗೆ "ಬಾರೋ ಪುಟ್ಟಾ" ಎನ್ನುತ್ತೀರಿ, "ಯಾಕಪ್ಪಾ ಅಳ್ತೀ" ಎನ್ನುತ್ತೀರಿ. ಮಗನನ್ನು "ನನ್ನಮ್ಮಾ, ಒಂದು ತುತ್ತು ತಿನ್ನಮ್ಮಾ" ಎಂದು ರಮಿಸುತ್ತೀರಿ. ಯಾರ ವ್ಯಾಕರಣವೂ ನಿಮ್ಮನ್ನು ತಡೆದಿಲ್ಲ. ಮುದ್ದು ಉಕ್ಕಿದಾಗ ಗಂಡು ಹೆಣ್ಣಿನ ಗೆರೆಯನ್ನು ದಾಟಿಯೇ ಮಾತಾಡಿದ್ದೀರಿ. ಈಗ ದೊಡ್ಡದಾದ ಅದೇ ಕೂಸು "ನನ್ನನ್ನು ಮಗಳೇ ಅನ್ನು" ಎಂದು ಕೇಳುತ್ತಿದೆ. ನಾಲಿಗೆ ಮೊದಮೊದಲು ತೊಡರುತ್ತದೆ. ತೊಡರಿದಾಗ ಸರಿಪಡಿಸಿ ಮುಂದೆ ಹೋಗಿ, ದೊಡ್ಡ ಕ್ಷಮಾಪಣೆಯ ಸಮಾರಂಭ ಬೇಡ. ಮಕ್ಕಳಿಗೂ ಹೇಳುತ್ತೇನೆ. ಹಳೆಯ ಹೆಸರಿಗೆ ನೀವು 'ಡೆಡ್‌ನೇಮ್' ಎನ್ನುತ್ತೀರಿ, ಆ ಹೆಸರನ್ನು ಯಾರೂ ಬಳಸಬಾರದು ಎಂಬ ನಿಮ್ಮ ಹಟ ನ್ಯಾಯವೇ. ಆದರೆ ತೊಟ್ಟಿಲ ಶಾಸ್ತ್ರದಲ್ಲಿ ಅಜ್ಜನ ಹೆಸರನ್ನು ಕಿವಿಯಲ್ಲಿ ಉಸುರಿದ ತಾಯಿಗೆ 'ಸತ್ತ ಹೆಸರು' ಎಂದು ಅನುವಾದಿಸಿ ಹೇಳಬೇಡಿ. 'ಹಳೇ ಹೆಸರು' ಅನ್ನಿ. ಅಷ್ಟು ಮೆತ್ತಗೆ ಹೇಳಿದ್ದಕ್ಕೆ ದಾರಿಗೆ ಬಂದ ಅಮ್ಮಂದಿರನ್ನು ನಾನು ಕಂಡಿದ್ದೇನೆ.

'ಪಾಸಿಂಗ್' ಎಂಬ ಮಾತನ್ನೂ ಮಕ್ಕಳಿಂದ ಕೇಳುತ್ತೀರಿ. ನೋಡಿದವರಿಗೆ ಗೊತ್ತಾಗದ ಹಾಗೆ ಹೆಣ್ಣಾಗಿ ಅಥವಾ ಗಂಡಾಗಿ ಕಾಣುವುದು. ಲೇಡೀಸ್ ಡಬ್ಬದಲ್ಲಿ ಹತ್ತಿ ದಾದರಿನವರೆಗೆ ಯಾರೂ ದಿಟ್ಟಿಸದೆ ಇರುವುದು ಎಂಥ ನೆಮ್ಮದಿ ಎಂದು ಅವರನ್ನೇ ಕೇಳಬೇಕು. ಆದರೆ ಧ್ವನಿ ದಪ್ಪವಿರುವವರು, ಎತ್ತರವಿರುವವರು, ಹಾರ್ಮೋನಿಗೆ ದುಡ್ಡಿಲ್ಲದವರು ಪರೀಕ್ಷೆಯಲ್ಲಿ ಫೇಲಾದವರಲ್ಲ.

ಒಬ್ಬರು ತಂದೆ ಕೇಳಿದರು: "ಮದುವೆ ಮಾಡಿದರೆ ಸರಿಹೋಗುವುದಿಲ್ಲವೇ?" ಇಲ್ಲ. ಇನ್ನೊಂದು ಮನೆಯ ಮಗಳ ಬಾಳೂ ಹಾಳಾಗುತ್ತದೆ. "ಯಾರಾದರೂ ಡಾಕ್ಟರು ಬದಲಾಯಿಸಬಲ್ಲರೇ?" ಬದಲಾಯಿಸುತ್ತೇನೆ ಎನ್ನುವವರ ಹತ್ತಿರ ಹೋಗಲೇಬೇಡಿ. ಮದ್ರಾಸ್ ಹೈಕೋರ್ಟಿನ 2021ರ ಆದೇಶದ ನಂತರ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ 'ಕನ್ವರ್ಷನ್ ಥೆರಪಿ'ಯನ್ನು ವೈದ್ಯರ ವೃತ್ತಿ ದುರ್ನಡತೆ ಎಂದು ಹೇಳಿದೆ. ಅದೇ ಮೊಕದ್ದಮೆಯ ಫಲವಾಗಿ ತಮಿಳುನಾಡು ಸರ್ಕಾರ ಈ ಸಮುದಾಯಗಳನ್ನು ಗೌರವದಿಂದ ಕರೆಯುವ ಪದಗಳ ಕೋಶವೊಂದನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿತು. ಕನ್ನಡದಲ್ಲೂ ಅಂಥದೊಂದು ಬೇಕು, ಅದನ್ನು ಸಮುದಾಯದವರನ್ನೇ ಕೂರಿಸಿಕೊಂಡು ಮಾಡಬೇಕು. ಸಹಾಯ ಬೇಕಾದವರಿಗೆ ಈ ಊರಿನಲ್ಲಿ ಹಮ್‌ಸಫರ್ ಟ್ರಸ್ಟ್ 1994ರಿಂದ ಕೆಲಸ ಮಾಡುತ್ತಿದೆ. ಮನೆಯವರೂ ಅಲ್ಲಿಗೆ ಹೋಗಬಹುದು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಅಜ್ಜಿಯೊಬ್ಬರದು. ಅವರು ಎದ್ದು ನಿಂತು ಕೇಳಿದರು: "ನನ್ನ ಮೊಮ್ಮಗು ಈಗ ಹುಡುಗಿ ಹಾಗೆ ಇದ್ದಾಳೆ. ನಾನು ಒಪ್ಪಿಕೊಂಡಿದ್ದೇನೆ. ಬರುವ ತಿಂಗಳು ಊರಿನಲ್ಲಿ ಅವಳ ಅಣ್ಣನ ಮದುವೆ. ಲಗ್ನಪತ್ರಿಕೆಯಲ್ಲಿ ಹೆಸರು ಹೇಗೆ ಹಾಕಿಸಲಿ? ಚಿ. ಅಂತಲೋ, ಕು. ಅಂತಲೋ? ಹಳೇ ಹೆಸರೋ, ಹೊಸದೋ? ಊರಿನವರು ಕೇಳಿದರೆ ಏನೆನ್ನಲಿ?"

ಅಮ್ಮಾ, ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡಬಾರದು, ಅವಳು ಕೊಡಬೇಕು. ಹೊಸ ಹೆಸರನ್ನು ಅಚ್ಚು ಹಾಕಿಸಲು ಅವಳಿಗೆ ಆಸೆಯಿರಬಹುದು. ಊರಿನ ಎಲ್ಲರ ಕೈಗೂ ಹೋಗುವ ಕಾಗದದಲ್ಲಿ ತನ್ನ ವಿಷಯ ಬಯಲಾಗುವುದು ಈಗ ಬೇಡ ಅನ್ನಿಸಲೂಬಹುದು. ಬೇಡವೆಂದರೆ ಬಲವಂತ ಮಾಡಬೇಡಿ, 'ಮನೆಯವರೆಲ್ಲರೂ' ಎಂದು ಹಾಕಿಸಿದರೆ ಸಾಕು. ಬೇಕೆಂದರೆ ಹೊಸ ಹೆಸರನ್ನೇ ಹಾಕಿಸಿ, ಹಿಂದೆ ಕುಮಾರಿ ಎಂದು ಬೇಕೋ, ಏನೂ ಇಲ್ಲದೆ ಬರೀ ಹೆಸರು ಸಾಕೋ ಎಂದು ಅದನ್ನೂ ಕೇಳಿ. ಊರಿನವರು ಕೇಳಿದರೆ "ನನ್ನ ಮೊಮ್ಮಗಳು" ಎನ್ನಿ. ನಿಮ್ಮ ವಯಸ್ಸಿನವರು ಒಮ್ಮೆ ಹಾಗೆಂದರೆ ಎರಡನೇ ಪ್ರಶ್ನೆ ಕೇಳುವ ಧೈರ್ಯ ಹೆಚ್ಚಿನವರಿಗೆ ಬರುವುದಿಲ್ಲ. ಪ್ರೆಸ್ಸಿನವರಿಗೆ ಪ್ರೂಫ್ ಒಪ್ಪಿಸುವ ಮುಂಚೆ ಅವಳಿಗೊಂದು ಫೋನ್ ಮಾಡಿ.